ವಾಲ್ಪರೈಸೊ: ಹಡಗಿನಿಂದ ಕಂಡ ಊರು

ಚಿಲಿ ದೇಶದ ವಾಲ್ಪರೈಸೊ ನಗರ ಶಾಂತಸಾಗರದ ಒಂದು ಕೊಲ್ಲಿಯ ಸುತ್ತ, ಉತ್ತರಕ್ಕೆ ಮುಖಮಾಡಿ ಕುಳಿತಿದೆ. ರಾಜಧಾನಿ ಸಾಂಟಿಯಾಗೊ ಇಲ್ಲಿಂದ ಸುಮಾರು 120 ಕಿಲೋಮೀಟರ್. ಕಡಲಿಗೂ ಗುಡ್ಡಗಳಿಗೂ ನಡುವೆ ಸಮತಟ್ಟು ನೆಲ ತೀರ ಕಡಿಮೆ. ಅದರಲ್ಲೂ ಒಂದು ಪಾಲು ಕಳೆದ ಎರಡು ಶತಮಾನಗಳಲ್ಲಿ ಕಡಲಿಗೆ ಮಣ್ಣು ತುಂಬಿ ಪಡೆದದ್ದು. ಉಳಿದ ಊರೆಲ್ಲ ನಲವತ್ತಕ್ಕೂ ಹೆಚ್ಚು ಗುಡ್ಡಗಳನ್ನು ಹತ್ತಿಕೊಂಡಿದೆ. ಗುಡ್ಡಗಳ ನಡುವಿನ ಕೊರಕಲುಗಳಲ್ಲಿ ಮಳೆಗಾಲದ ನೀರು ಇಳಿದು ಬರುತ್ತಿತ್ತು; ಈಗಿನ ಎಷ್ಟೋ ಏರುಬೀದಿಗಳು ಆ ಕೊರಕಲುಗಳ ಜಾಡಿನಲ್ಲೇ ಇವೆ.

ಪನಾಮಾ ಕಾಲುವೆ ಇಲ್ಲದ ಕಾಲದಲ್ಲಿ ಯುರೋಪಿನಿಂದ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಗೆ ಬರುವ ಹಡಗುಗಳು ಖಂಡದ ದಕ್ಷಿಣ ತುದಿಯ ಕೇಪ್ ಹಾರ್ನ್ ಸುತ್ತಬೇಕಿತ್ತು. ತಿಂಗಳುಗಟ್ಟಲೆ ನೀರು, ಗಾಳಿ, ಉಪ್ಪುಮಾಂಸ. ಕೊನೆಯ ಕೆಲವು ವಾರ ಚಳಿ ಮತ್ತು ಬಿರುಗಾಳಿ. ಅದನ್ನೆಲ್ಲ ದಾಟಿದ ಮೇಲೆ ಸಿಗುತ್ತಿದ್ದ ಮೊದಲ ದೊಡ್ಡ ಬಂದರು ವಾಲ್ಪರೈಸೊ. ಇಲ್ಲಿಗೆ ಬಂದಿಳಿದವರು ಬರೆದಿಟ್ಟ ಮೊದಲ ನೋಟದ ಬರಹಗಳು ರಾಶಿ ಬಿದ್ದಿರುವುದಕ್ಕೆ ಇದೇ ಕಾರಣ. ಅವುಗಳಲ್ಲಿ ಒಂದು ವಿಚಿತ್ರ ಹೊಂದಾಣಿಕೆ ಕಾಣುತ್ತದೆ: ಬಂದವರಲ್ಲಿ ಬಹಳಷ್ಟು ಮಂದಿಗೆ ಇದು ತಾವು ಮೊದಲೇ ಕಂಡ ಯಾವುದೋ ಊರಿನಂತೆಯೇ ತೋರಿದೆ.

ಮೊದಲು ಹೆಸರಿನ ಮಾತು. ಸ್ಪ್ಯಾನಿಷರು ಬರುವ ಮುನ್ನ ಈ ಕರಾವಳಿಯಲ್ಲಿ ಮೀನುಗಾರಿಕೆಯಿಂದ ಬದುಕುತ್ತಿದ್ದ ಚಾಂಗೊ ಜನರಿದ್ದರು. 1536ರಲ್ಲಿ ಡಿಯೆಗೊ ದೆ ಅಲ್ಮಾಗ್ರೊನ ದಂಡಯಾತ್ರೆಯ ಜೊತೆ ಬಂದ ಹುವಾನ್ ದೆ ಸಾವೆದ್ರಾ, ಸ್ಪೇನಿನ ತನ್ನ ಹುಟ್ಟೂರಿನ ಹೆಸರನ್ನೇ ಈ ಕೊಲ್ಲಿಗೂ ಇಟ್ಟನೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಇಲ್ಲಿಗೆ ಬಂದವರು ತಮ್ಮೂರನ್ನೇ ಇಲ್ಲಿ ಕಾಣುವ ಪರಿಪಾಠ ಅಂದೇ ಶುರುವಾಯಿತೆನ್ನಬಹುದು. ಹೆಸರಿನ ಅರ್ಥ ಸ್ವರ್ಗದ ಕಣಿವೆ. ಬೇಸಿಗೆಯ ಕೊನೆಗೆ ಬಂದ ಪ್ರಯಾಣಿಕರು ಕೆಂಪು ಮಣ್ಣಿನ ಬೋಳುಗುಡ್ಡಗಳನ್ನು ನೋಡಿ ಇದೆಂಥ ಸ್ವರ್ಗ ಎಂದು ಕೇಳಿದ್ದುಂಟು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಈ ಭಾಗದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಬಂದವರಿಗೆ ಹಸಿರು ಕಾಣುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಬಂದವರಿಗೆ ಧೂಳು.

ಸ್ಪ್ಯಾನಿಷ್ ಆಳ್ವಿಕೆಯ ಸುಮಾರು ಮುನ್ನೂರು ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. 1544ರಲ್ಲಿ ಸ್ಪ್ಯಾನಿಷ್ ಗವರ್ನರ್ ಪೆದ್ರೊ ದೆ ವಾಲ್ದಿವಿಯಾ ಇದನ್ನು ಸಾಂಟಿಯಾಗೊದ ಬಂದರೆಂದು ಘೋಷಿಸಿದ. ಬಂದರು ಎಂದರೂ ಇದ್ದದ್ದು ಒಂದು ಸಣ್ಣ ಚರ್ಚು, ಕೆಲವು ಉಗ್ರಾಣ, ಒಂದಿಷ್ಟು ಗುಡಿಸಲು. 1578ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಬಂದು ಇಲ್ಲಿದ್ದ ಹಡಗನ್ನು ಹಿಡಿದು, ಉಗ್ರಾಣದ ದ್ರಾಕ್ಷಾರಸವನ್ನೂ ಚರ್ಚಿನ ಬೆಳ್ಳಿಯನ್ನೂ ದೋಚಿಕೊಂಡು ಹೋದ. ಇಂಥ ದಾಳಿಗಳ ನಂತರ ಕೋಟೆ ಎದ್ದಿತು. ಪೆರುವಿಗೆ ಗೋಧಿ ಕಳಿಸುವುದೇ ಮುಖ್ಯ ವ್ಯಾಪಾರ. ಪರದೇಶದ ಹಡಗುಗಳೊಂದಿಗೆ ನೇರ ವ್ಯಾಪಾರಕ್ಕೆ ಸ್ಪೇನಿನ ಕಾನೂನು ಅಡ್ಡಿಯಾಗಿತ್ತು. ಕಳ್ಳವ್ಯಾಪಾರ ಮಾತ್ರ ನಡೆದೇ ಇತ್ತು.

ಬೀಗ ತೆಗೆದದ್ದು ಸ್ವಾತಂತ್ರ್ಯ ಹೋರಾಟ. 1811ರಲ್ಲಿ ಚಿಲಿಯ ಹೊಸ ಸರ್ಕಾರ ಕೆಲವು ಬಂದರುಗಳನ್ನು ಎಲ್ಲ ದೇಶಗಳ ವ್ಯಾಪಾರಕ್ಕೆ ತೆರೆಯಿತು. 1818ರಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. 1820ರ ಆಗಸ್ಟ್‌ನಲ್ಲಿ ಹೋಸೆ ದೆ ಸಾನ್ ಮಾರ್ಟಿನ್‌ನ ಸೇನೆ ಪೆರುವನ್ನು ಬಿಡಿಸಲು ಹಡಗೇರಿದ್ದು ಇಲ್ಲಿಂದಲೇ. ಆ ನೌಕಾಪಡೆಯ ಮುಖ್ಯಸ್ಥ ಸ್ಕಾಟ್ಲೆಂಡಿನ ಲಾರ್ಡ್ ಕಾಕ್ರೇನ್. ಅವನ ಕೈಕೆಳಗಿನ ಅಧಿಕಾರಿಗಳಲ್ಲೂ ನಾವಿಕರಲ್ಲೂ ಬಹಳ ಮಂದಿ ಬ್ರಿಟಿಷರು. ಯುದ್ಧದ ಬೆನ್ನಿಗೆ ವ್ಯಾಪಾರಿಗಳು ಬಂದರು, ವ್ಯಾಪಾರಿಗಳ ಬೆನ್ನಿಗೆ ದರ್ಜಿಗಳು, ಚಮ್ಮಾರರು, ಹೋಟೆಲಿನವರು.

ಈ ಗಡಿಬಿಡಿಯ ನಡುವೆ, 1822ರ ಏಪ್ರಿಲ್ ಕೊನೆಗೆ, ಬ್ರಿಟಿಷ್ ಯುದ್ಧನೌಕೆ ಡೋರಿಸ್ ಕೊಲ್ಲಿಯಲ್ಲಿ ಲಂಗರು ಹಾಕಿತು. ಹಡಗಿನ ಕ್ಯಾಪ್ಟನ್ ಥಾಮಸ್ ಗ್ರಹಾಂ ಕೇಪ್ ಹಾರ್ನ್ ಬಳಿ ತೀರಿಕೊಂಡಿದ್ದ. ಜೊತೆಗಿದ್ದ ಹೆಂಡತಿ ಮರಿಯಾ ಗ್ರಹಾಂ ಗಂಡನ ಶವದೊಂದಿಗೆ ಗುರುತುಪರಿಚಯವಿಲ್ಲದ ಊರಲ್ಲಿ ಇಳಿದಳು. ಆಗವಳಿಗೆ 36 ವರ್ಷ. ಕ್ಯಾಥೊಲಿಕರಲ್ಲದವರಿಗೆ ಊರ ಸ್ಮಶಾನದಲ್ಲಿ ಜಾಗವಿರಲಿಲ್ಲ. ಗ್ರಹಾಂನನ್ನು ಹೂಳಿದ್ದು ಕೋಟೆಯ ಆವರಣದಲ್ಲಿ. ತಾಯ್ನಾಡಿಗೆ ಮರಳಲು ನೆರವು ಸಿಗುತ್ತಿತ್ತು. ಅವಳು ಒಪ್ಪಲಿಲ್ಲ. ಬಂದರಿನ ಆಚೆಗಿದ್ದ ಅಲ್ಮೆಂದ್ರಾಲ್ ಎಂಬ ಹೊರಪೇಟೆಯಲ್ಲಿ, ಹಣ್ಣಿನ ಗಿಡಗಳಿದ್ದ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಉಳಿದುಕೊಂಡಳು. ಅಲ್ಮೆಂದ್ರಾಲ್ ಎಂದರೆ ಬಾದಾಮಿ ತೋಪು.

ಅವಳು ಹೊಸ ನಾಡುಗಳಿಗೆ ಹೊಸಬಳಲ್ಲ. ಅಪ್ಪ ಮುಂಬಯಿಯ ಹಡಗುಕಟ್ಟೆಯಲ್ಲಿ ನೌಕಾ ಅಧಿಕಾರಿಯಾಗಿದ್ದರಿಂದ ಭಾರತಕ್ಕೆ ಬಂದು, 1809ರಲ್ಲಿ ಅಲ್ಲೇ ಮದುವೆಯಾಗಿ, ಕಾರ್ಲೆಯ ಗುಹೆಗಳು, ಮದರಾಸು, ಮಹಾಬಲಿಪುರ, ಕಲ್ಕತ್ತೆಗಳನ್ನೆಲ್ಲ ಸುತ್ತಿ, 1812ರಲ್ಲಿ ತನ್ನ ಭಾರತ ವಾಸದ ದಿನಚರಿಯನ್ನು ಅಚ್ಚು ಹಾಕಿಸಿದ್ದಳು. ಹೊಸ ಊರಿಗೆ ಹೋದಾಗ ಏನನ್ನು ನೋಡಬೇಕು, ಯಾರನ್ನು ಮಾತಾಡಿಸಬೇಕು ಎಂಬುದು ಅವಳಿಗೆ ರೂಢಿಯಾಗಿತ್ತು. ಚಿಲಿಯ ಬಗ್ಗೆ 1824ರಲ್ಲಿ ಪ್ರಕಟವಾದ ಅವಳ ದಿನಚರಿ ಇಂದಿಗೂ ಆ ದೇಶದ ಇತಿಹಾಸಕಾರರಿಗೆ ಆಕರಗ್ರಂಥ.

ಅದರಲ್ಲಿ ಪೇಟೆಯ ಚಿತ್ರ ಬಹಳ ಸ್ಪಷ್ಟವಾಗಿದೆ. ಅಂಗಡಿಗಳಲ್ಲಿ ಚೀನಾ, ಫ್ರಾನ್ಸ್, ಇಟಲಿಗಳ ರೇಷ್ಮೆ, ಬ್ರಿಟನ್ನಿನ ಅಚ್ಚುಹಾಕಿದ ಹತ್ತಿಬಟ್ಟೆ, ಜರ್ಮನಿಯ ಗಾಜು ಮತ್ತು ಜಪಮಣಿ. ಬೀದಿಬೀದಿಯಲ್ಲೂ ಇಂಗ್ಲಿಷ್ ದರ್ಜಿಗಳ, ಚಮ್ಮಾರರ, ಜೀನುಗಾರರ, ಹೋಟೆಲುಗಳ ಬೋರ್ಡುಗಳು. ಮುಖ್ಯ ಬೀದಿಗಳಲ್ಲಿ ಕಿವಿಗೆ ಬೀಳುವ ಇಂಗ್ಲಿಷನ್ನು ಕೇಳಿದರೆ ಇದು ಬ್ರಿಟನ್ನಿನ ಯಾವುದೋ ಕಡಲೂರು ಎನಿಸೀತು ಎಂದು ಅವಳು ಬರೆದಳು. ಬಂದರಿನ ಮೇಲಿನ ಮೂರು ಗುಡ್ಡಗಳಿಗೆ ಇಂಗ್ಲಿಷ್ ನಾವಿಕರು ಹಡಗಿನ ಪಟಸ್ತಂಭಗಳ ಹೆಸರನ್ನೇ ಕೊಟ್ಟಿದ್ದರು: ಫೋರ್‌ಟಾಪ್, ಮೇನ್‌ಟಾಪ್, ಮಿಜನ್‌ಟಾಪ್. ಹೆಂಡದಂಗಡಿಗಳು ಇದ್ದದ್ದು ಅಲ್ಲೇ ಆದ್ದರಿಂದ ಆ ಗುಡ್ಡಗಳ ದಾರಿಯನ್ನು ನಾವಿಕರಿಗೆ ಯಾರೂ ತೋರಿಸಬೇಕಿರಲಿಲ್ಲ.

ಆದರೆ ಮರಿಯಾಳ ಬರಹದ ಬೆಲೆ ಇರುವುದು ಪೇಟೆ ಬಿಟ್ಟು ಹೊರಬಿದ್ದ ಪುಟಗಳಲ್ಲಿ. ನೆರೆಯವರ ಮನೆಯಲ್ಲಿ ಮಾಟೆ ಕೊಟ್ಟರು. ಪರಾಗ್ವೆಯ ಕಡೆಯಿಂದ ಬರುವ ಒಂದು ಬಗೆಯ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬುರುಡೆಯಂಥ ಪಾತ್ರೆಯಿಂದ ಲೋಹದ ಕೊಳವೆಯಲ್ಲಿ ಹೀರುವ ಪಾನೀಯ ಅದು. ಒಂದೇ ಕೊಳವೆ ಕೂತವರೆಲ್ಲರ ಬಾಯಿಗೂ ಸುತ್ತು ಬರುತ್ತದೆ. ಎಂಜಲಿನ ಅಳುಕು ಇಂಗ್ಲಿಷ್ ಹೆಂಗಸಿಗೂ ಇತ್ತು. ಅದನ್ನು ಬದಿಗಿಟ್ಟು ಕುಡಿದಳು, ಇಷ್ಟವೂ ಆಯಿತು. ಇನ್ನೊಂದು ದಿನ ಊರಾಚೆಯ ಕುಂಬಾರಗೇರಿಗೆ ಹೋದಳು. ದೊಡ್ಡ ಆವಿಗೆ, ತಿಗರಿಗಳನ್ನು ನಿರೀಕ್ಷಿಸಿದ್ದವಳಿಗೆ ಕಂಡದ್ದು ಬಡ ಗುಡಿಸಲುಗಳ ಮುಂದೆ ನೆಲದ ಮೇಲೆ ಕೂತು ಕೈಯಿಂದಲೇ ಗಡಿಗೆ ತಿದ್ದಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದ ಹೆಂಗಸರು. ಅವಳೂ ಅವರ ಪಕ್ಕ ಕೂತು ಮಣ್ಣು ಹಿಡಿದಳು. ಒಬ್ಬ ಮುದುಕಿ ತಿದ್ದಿಕೊಟ್ಟಳು. ಅದೇ ಊರಿನಲ್ಲಿ ವರ್ಷಗಟ್ಟಲೆ ಇದ್ದ ವ್ಯಾಪಾರಿಗಳ ಕಾಗದಪತ್ರಗಳಲ್ಲಿ ಇಂಥ ಮುದುಕಿಯರು ಸಿಗುವುದು ಅಪರೂಪ. ಒಂಟಿ ಹೆಂಗಸಾಗಿದ್ದದ್ದು ಕೆಲವು ಮನೆಗಳ ಅಡುಗೆಮನೆಯವರೆಗೂ ಅವಳಿಗೆ ದಾರಿ ಬಿಟ್ಟುಕೊಟ್ಟಿತು ಎಂಬುದು ದಿನಚರಿಯನ್ನು ಓದಿದವರಿಗೆ ಹೊಳೆಯದೆ ಇರದು.

1822ರ ನವೆಂಬರ್ 19ರ ರಾತ್ರಿ ಭೂಮಿ ನಡುಗಿತು. ಮರಿಯಾ ಆಗ ಕೊಲ್ಲಿಯ ಉತ್ತರಕ್ಕಿರುವ ಕಿಂಟೆರೊದಲ್ಲಿ, ಕಾಕ್ರೇನ್‌ನ ಜಮೀನಿನ ಮನೆಯಲ್ಲಿ ಕಾಯಿಲೆಬಿದ್ದ ಸಂಬಂಧಿಕನೊಬ್ಬನ ಆರೈಕೆ ಮಾಡುತ್ತಿದ್ದಳು. ಅಲ್ಮೆಂದ್ರಾಲ್‌ನ ಮನೆಗಳು ಸಾಲಾಗಿ ಉರುಳಿದವು. ವಾರಗಟ್ಟಲೆ ಮುಂದುವರಿದ ಮರುನಡುಕಗಳನ್ನೂ ಅವಳು ದಿನದಿನಕ್ಕೆ ಬರೆದಿಟ್ಟಳು. ಜೊತೆಗೆ ಇನ್ನೊಂದನ್ನು ಗಮನಿಸಿದಳು: ಕರಾವಳಿ ಮೂರು ನಾಲ್ಕು ಅಡಿ ಮೇಲೆದ್ದಿದೆ, ನೀರಿನಡಿ ಇದ್ದ ಬಂಡೆಗಳು ಹೊರಗೆ ಕಾಣುತ್ತಿವೆ, ಅವುಗಳಿಗೆ ಅಂಟಿದ್ದ ಚಿಪ್ಪುಜೀವಿಗಳು ಸತ್ತು ನಾರುತ್ತಿವೆ. ಈ ವರದಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ 1824ರಲ್ಲಿ ಅಚ್ಚಾಯಿತು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ಗ್ರಂಥದಲ್ಲಿ ಅದನ್ನು ಬಳಸಿಕೊಂಡ. ಹತ್ತು ವರ್ಷಗಳ ನಂತರ ಅದೇ ಸಂಘದ ಅಧ್ಯಕ್ಷ ಜಾರ್ಜ್ ಗ್ರೀನೊ ಅವಳ ಮಾತು ನಂಬಲರ್ಹವಲ್ಲವೆಂದು ಬಹಿರಂಗವಾಗಿ ಟೀಕಿಸಿದ. ಅವಳು ಅಚ್ಚಿನಲ್ಲೇ ಉತ್ತರ ಕೊಟ್ಟಳು. 1835ರ ಫೆಬ್ರವರಿಯಲ್ಲಿ ಚಿಲಿಯ ಕಾನ್ಸೆಪ್ಸಿಯೊನ್ ನಗರದ ಸುತ್ತ ದೊಡ್ಡ ಭೂಕಂಪವಾದಾಗ, ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಪ್ರಕೃತಿವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ನೆಲ ಮೇಲೆದ್ದುದನ್ನು ಅಳೆದು ನೋಡಿದರು. ಅಲ್ಲೂ ಬಂಡೆಗಳ ಮೇಲೆ ಸತ್ತ ಚಿಪ್ಪುಜೀವಿಗಳೇ ಸಾಕ್ಷಿ. ವಾದದಲ್ಲಿ ಗೆದ್ದದ್ದು ಯಾರೆಂದು ಮತ್ತೆ ಹೇಳಬೇಕಾಗಿಲ್ಲ. ಮರಿಯಾ 1823ರ ಜನವರಿಯಲ್ಲೇ ಕಾಕ್ರೇನ್‌ನ ಜೊತೆ ಬ್ರೆಜಿಲಿಗೆ ಹೊರಟುಹೋಗಿದ್ದಳು.

1833ರ ಆಗಸ್ಟ್‌ನಲ್ಲಿ ಇಳಿದ ಇನ್ನೊಬ್ಬ ಒಂಟಿ ಹೆಂಗಸು ಫ್ಲೋರಾ ಟ್ರಿಸ್ಟಾನ್. ಅಪ್ಪ ಪೆರುವಿನವ, ಅಮ್ಮ ಫ್ರಾನ್ಸಿನವಳು. ಗಂಡನಿಂದ ಬೇರೆಯಾಗಿ, ಅಪ್ಪನ ಆಸ್ತಿಯಲ್ಲಿ ಪಾಲು ಕೇಳಲು ಬೋರ್ಡೋ ಬಂದರಿನಿಂದ ಪೆರುವಿನ ಅರೆಕಿಪಾಗೆ ಹೊರಟಿದ್ದಳು. ನಾಲ್ಕು ತಿಂಗಳಿಗೂ ಮೀರಿದ ಪ್ರಯಾಣದ ಕೊನೆಗೆ ವಾಲ್ಪರೈಸೊದಲ್ಲಿ ಅವಳಿಗೆ ಸಿಕ್ಕ ಮೊದಲ ಸುದ್ದಿಯೇ ಕೆಟ್ಟದ್ದು: ಯಾರನ್ನು ನಂಬಿ ಹೊರಟಿದ್ದಳೋ ಆ ಅಜ್ಜಿ ತೀರಿಹೋಗಿದ್ದಳು. ಊರಿನ ಬಗ್ಗೆ ಅವಳು ಬರೆದದ್ದು ಮರಿಯಾಳ ಮಾತಿಗೆ ನೇರ ಎದುರು. ಕಂಡವರೆಲ್ಲ ಫ್ರೆಂಚ್ ಆಡುತ್ತಿದ್ದರು, ಹೊಸ ಫ್ಯಾಷನ್ನಿನ ಉಡುಪು ತೊಟ್ಟಿದ್ದರು. ಇದು ಫ್ರಾನ್ಸಿನ ಊರೇ ಎನಿಸಿತು ಅವಳಿಗೆ. ಹನ್ನೊಂದು ವರ್ಷಗಳಲ್ಲಿ ಇಂಗ್ಲೆಂಡ್ ಫ್ರಾನ್ಸ್ ಆಗಿಬಿಟ್ಟಿರಲಿಲ್ಲ. ಬಂದರಿನಲ್ಲಿ ಎರಡೂ ದೇಶದವರಿದ್ದರು. ಹಡಗಿನಿಂದ ಇಳಿದವರನ್ನು ಅವರವರ ದೇಶದವರೇ ಎದುರುಗೊಂಡು, ತಮ್ಮ ಬೋರ್ಡಿಂಗ್ ಮನೆಗೆ, ತಮ್ಮ ಪರಿಚಯದವರ ಊಟದ ಮೇಜಿಗೆ ಕರೆದೊಯ್ಯುತ್ತಿದ್ದರು. ಮೊದಲ ವಾರದಲ್ಲಿ ಕಾಣುತ್ತಿದ್ದ ಊರು ಅಷ್ಟೇ. ಎರಡೂ ಮಾತನ್ನು ಪಕ್ಕಪಕ್ಕ ಇಟ್ಟು ಓದಿದಾಗಲೇ ಬಂದರಿನ ನಿಜವಾದ ಬಣ್ಣ ಗೊತ್ತಾಗುವುದು.

ಡಾರ್ವಿನ್ ಬಂದದ್ದು 1834ರ ಜುಲೈ 23ರ ರಾತ್ರಿ. ದಕ್ಷಿಣ ತುದಿಯ ಮಂಜು ಮಳೆಯಲ್ಲಿ ತಿಂಗಳುಗಳನ್ನು ಕಳೆದು ಬಂದವನಿಗೆ ಬೆಳಗಾದಾಗ ಕಂಡ ತಿಳಿಯಾದ ನೀಲಿ ಆಕಾಶ, ಒಣ ಗಾಳಿ, ಬಿಸಿಲು ಎಲ್ಲವೂ ಸೊಗಸೆನಿಸಿದವು. ಸುಮಾರು 1,600 ಅಡಿ ಎತ್ತರದ ಗುಡ್ಡಗಳ ಬುಡದಲ್ಲಿ ಕಡಲಿಗೆ ಸಮನಾಗಿ ಸಾಗುವ ಒಂದೇ ಉದ್ದ ಬೀದಿ. ಕೊರಕಲು ಇಳಿದುಬರುವ ಕಡೆ ಎರಡೂ ಬದಿಗೆ ಒಂದರ ಮೇಲೊಂದು ಪೇರಿಸಿದಂಥ ಮನೆಗಳು. ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು. ಇದು ತನಗೆ ಕ್ಯಾನರಿ ದ್ವೀಪಗಳ ಟೆನರೀಫಿನ ಸಾಂತಾ ಕ್ರೂಸ್ ಊರನ್ನು ನೆನಪಿಸಿತು ಎಂದು ಅವನು ಬರೆದ. ಸ್ವಾರಸ್ಯವೆಂದರೆ 1832ರ ಜನವರಿಯಲ್ಲಿ ಬೀಗಲ್ ಹಡಗನ್ನು ಕಾಲರಾ ಭೀತಿಯಿಂದ ಸಾಂತಾ ಕ್ರೂಸಿನಲ್ಲಿ ಇಳಿಯಗೊಟ್ಟಿರಲಿಲ್ಲ. ಅವನು ಆ ಊರನ್ನು ನೋಡಿದ್ದೂ ಹಡಗಿನಿಂದಲೇ.

ಡಾರ್ವಿನ್‌ಗೂ ಅಲ್ಮೆಂದ್ರಾಲ್‌ನಲ್ಲೇ ಮನೆ ಸಿಕ್ಕಿತು. ಶಾಲೆಯಲ್ಲಿ ಜೊತೆಗಿದ್ದ ರಿಚರ್ಡ್ ಕಾರ್ಫೀಲ್ಡ್ ಅಲ್ಲಿ ನೆಲೆಸಿದ್ದ. ಗುಡ್ಡಗಳಲ್ಲಿ ತಿರುಗುವಾಗ ಪೊದೆಗಳ ಗಾಟು ವಾಸನೆ ಬಟ್ಟೆಗೂ ಅಂಟಿಕೊಳ್ಳುತ್ತಿತ್ತೆಂದು ಅವನು ಬರೆದಿದ್ದಾನೆ. ಆಗಸ್ಟ್‌ನಲ್ಲಿ ಕುದುರೆಯೇರಿ ಒಳನಾಡಿಗೆ ಹೋಗಿ ಕಂಪಾನಾ ಬೆಟ್ಟ ಹತ್ತಿದಾಗ, ಇಪ್ಪತ್ತಾರು ನಾಟಿಕಲ್ ಮೈಲಿ ದೂರದ ಕೊಲ್ಲಿಯಲ್ಲಿ ನಿಂತ ಹಡಗುಗಳ ಪಟಸ್ತಂಭಗಳು ಸಣ್ಣ ಕಪ್ಪು ಗೀಟುಗಳಂತೆ ಕಂಡವು. ವಾಲ್ಪರೈಸೊವನ್ನು ಬೆನ್ನ ಕಡೆಯಿಂದ ನೋಡಿ ಬರೆದವರು ಆ ಕಾಲದಲ್ಲಿ ಕಡಿಮೆ.

ಇವರೆಲ್ಲ ನಡೆದಾಡಿದ ಊರು ಎರಡು ತುಂಡಾಗಿತ್ತು. ಪಶ್ಚಿಮಕ್ಕೆ ಬಂದರು, ಪೂರ್ವಕ್ಕೆ ಅಲ್ಮೆಂದ್ರಾಲ್. ನಡುವೆ ಕಡಲಿಗೆ ಚಾಚಿದ ಬಂಡೆಯ ಮೂಗು. ಭರತದ ಹೊತ್ತಿನಲ್ಲಿ ಅದನ್ನು ಸುತ್ತುವುದು ಕಷ್ಟ. ಬಂಡೆಯ ಗುಹೆಯಲ್ಲಿ ಹೋತದ ರೂಪದ ಪಿಶಾಚಿಯಿದೆ ಎಂಬ ಕಥೆಯಿಂದ ಅದಕ್ಕೆ ಚಿವಾತೊ ಗುಹೆ ಎಂದೇ ಹೆಸರು. 1830ರ ದಶಕದಲ್ಲಿ ಆ ಬಂಡೆಯನ್ನು ಸಿಡಿಮದ್ದಿನಿಂದ ಒಡೆದು ಬೀದಿ ಮಾಡಿದರು. ಮುಂದೆ ಅದೇ ಜಾಗದಲ್ಲಿ ಎಲ್ ಮರ್ಕ್ಯೂರಿಯೊ ಪತ್ರಿಕೆಯ ಕಟ್ಟಡ ಎದ್ದಿತು. 1827ರಲ್ಲಿ ಇಲ್ಲಿ ಶುರುವಾದ ಆ ಪತ್ರಿಕೆ ಸ್ಪ್ಯಾನಿಷ್ ಭಾಷೆಯಲ್ಲಿ ಎಡೆಬಿಡದೆ ನಡೆದುಬಂದ ಪತ್ರಿಕೆಗಳಲ್ಲಿ ಅತ್ಯಂತ ಹಳೆಯದೆನಿಸಿದೆ.

ಊರಿನ ಏಳಿಗೆಯ ಕಾಲ 1840ರಿಂದ ಶುರುವಾಯಿತು. ಆ ವರ್ಷ ಉದ್ಯಮಿ ವಿಲಿಯಂ ವೀಲ್‌ರೈಟ್‌ನ ಕಂಪನಿಯ ಚಿಲಿ ಮತ್ತು ಪೆರು ಎಂಬ ಉಗಿಹಡಗುಗಳು ಬಂದವು. 1849ರ ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚು ಇನ್ನೊಂದು ಅಲೆ ತಂದಿತು: ಚಿನ್ನ ಹುಡುಕಿ ಹೊರಟವರ ಹಡಗುಗಳು ಇಲ್ಲಿ ನಿಂತು ನೀರು, ಹಿಟ್ಟು ತುಂಬಿಕೊಂಡವು, ಚಿಲಿಯ ಗೋಧಿಗೆ ಸಾನ್ ಫ್ರಾನ್ಸಿಸ್ಕೊ ಮಾರುಕಟ್ಟೆಯಾಯಿತು. 1863ರಲ್ಲಿ ಸಾಂಟಿಯಾಗೊಗೆ ರೈಲು ಓಡಿತು. ಬ್ರಿಟಿಷರು, ಜರ್ಮನರು ಕಿಕ್ಕಿರಿದ ಕೆಳಪೇಟೆಯನ್ನು ಬಿಟ್ಟು ಅಲೆಗ್ರೆ, ಕಾನ್ಸೆಪ್ಸಿಯೊನ್ ಗುಡ್ಡಗಳ ಮೇಲೆ ಮನೆ ಕಟ್ಟಿದರು. ಅವರ ಸತ್ತವರಿಗೂ ಪಂಥೆಯೊನ್ ಗುಡ್ಡದ ಮೇಲೆ ಬೇರೆ ಸ್ಮಶಾನ ಮೊದಲೇ ಸಿಕ್ಕಿತ್ತು. 1858ರಲ್ಲಿ ಕಟ್ಟಿದ ಆಂಗ್ಲಿಕನ್ನರ ಸೇಂಟ್ ಪಾಲ್ಸ್ ಚರ್ಚಿಗೆ ಮಾತ್ರ ಗೋಪುರವಿಲ್ಲ. ಕ್ಯಾಥೊಲಿಕೇತರ ಪೂಜೆ ಹೊರಗೆ ಎದ್ದು ಕಾಣಬಾರದೆಂಬ ಕಾಲ ಅದು. ಗುಡ್ಡದ ಮನೆಗಳ ಗೋಡೆಗೆ ತಗಡು ಹೊದಿಸಿ ಬಣ್ಣ ಬಳಿಯುವ ರೂಢಿಯೂ ಬೆಳೆಯಿತು. ಮಣ್ಣಿನ ಗೋಡೆಯನ್ನು ಚಳಿಗಾಲದ ಮಳೆಯಿಂದ ಕಾಯಲು ಹುಟ್ಟಿದ ಈ ಉಪಾಯವೇ ಇಂದಿನ ಪ್ರವಾಸಿಗರು ಫೋಟೊ ತೆಗೆಯುವ ಬಣ್ಣದ ಊರಿಗೆ ಮೂಲ. ಮರಿಯಾ, ಡಾರ್ವಿನ್ ಕಂಡದ್ದು ಬಿಳಿ ಊರನ್ನು.

ವ್ಯಾಪಾರ ಎಷ್ಟು ಮಟ್ಟಿಗೆ ಪರದೇಶದವರ ಕೈಯಲ್ಲಿತ್ತು ಎಂಬುದಕ್ಕೆ 1866ರ ಮಾರ್ಚ್ 31 ಸಾಕ್ಷಿ. ಪೆರುವಿನ ಪಕ್ಷ ಹಿಡಿದ ಚಿಲಿಯನ್ನು ದಂಡಿಸಲು ಸ್ಪೇನಿನ ನೌಕಾಪಡೆ ರಕ್ಷಣೆಯೇ ಇಲ್ಲದ ಈ ಬಂದರಿನ ಮೇಲೆ ಸುಮಾರು ಮೂರು ಗಂಟೆ ಗುಂಡು ಸುರಿಸಿತು. ಬ್ರಿಟಿಷ್, ಅಮೆರಿಕನ್ ಯುದ್ಧನೌಕೆಗಳು ನೋಡುತ್ತ ನಿಂತವು. ಸುಂಕದ ಉಗ್ರಾಣಗಳು ಉರಿದವು. ಒಳಗಿದ್ದ ಸರಕಿನಲ್ಲಿ ಹೆಚ್ಚಿನದು ವಿದೇಶಿ ವ್ಯಾಪಾರಿಗಳದ್ದು.

ಗುಡ್ಡ ಹತ್ತುವ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಅಸೆನ್ಸೊರ್. ಕಡಿದಾದ ಇಳಿಜಾರಿನ ಹಳಿಗಳ ಮೇಲೆ ಒಂದು ಪೆಟ್ಟಿಗೆ ಇಳಿಯುವಾಗ ಹಗ್ಗದ ಇನ್ನೊಂದು ತುದಿಯ ಪೆಟ್ಟಿಗೆ ಏರುವ ವ್ಯವಸ್ಥೆ ಇದು. ಬಾವಿಯ ಗಡಗಡೆಗೆ ಎರಡು ಕೊಡ ಕಟ್ಟಿದಂತೆ. ಮೊದಲನೆಯದು 1883ರ ಡಿಸೆಂಬರ್ 1ರಂದು ಕಾನ್ಸೆಪ್ಸಿಯೊನ್ ಗುಡ್ಡಕ್ಕೆ ಶುರುವಾಯಿತು. ಅದರ ಹಿಂದಿದ್ದವನು ಲಿಬೊರಿಯೊ ಬ್ರಿಯೆಬಾ ಎಂಬ ಬರಹಗಾರ. ಮುಂದಿನ ಕೆಲವು ದಶಕಗಳಲ್ಲಿ ಇಂಥವು ಮೂವತ್ತರ ಹತ್ತಿರ ಆದವು. ಕೂಲಿಯವರೂ ಗುಮಾಸ್ತರೂ ಗುಡ್ಡದ ಮೇಲೆ ವಾಸ ಮಾಡಿ ಕೆಳಗೆ ದುಡಿಯುವುದು ಸಾಧ್ಯವಾದದ್ದು ಇವುಗಳಿಂದ.

ಹಾಗೆ ಕೆಳಗೆ ದುಡಿಯುತ್ತಿದ್ದವರನ್ನು ಬರಹಕ್ಕೆ ತಂದವನೂ ಹಡಗಿನಿಂದ ಇಳಿದ ಒಂಟಿ ಯುವಕನೇ. ನಿಕರಾಗ್ವಾದ ಕವಿ ರುಬೆನ್ ದಾರಿಯೊ 1886ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದ. ಕೆಲಕಾಲ ಸುಂಕದ ಕಚೇರಿಯಲ್ಲಿ ನೌಕರಿ ಮಾಡಿದ. 1888ರಲ್ಲಿ ವಾಲ್ಪರೈಸೊದಲ್ಲೇ ಅಚ್ಚಾದ ಅವನ 'ಅಸುಲ್' ಸ್ಪ್ಯಾನಿಷ್ ಸಾಹಿತ್ಯದಲ್ಲಿ ಹೊಸ ಯುಗವನ್ನೇ ತೆರೆದ ಪುಸ್ತಕ. ಅದರಲ್ಲಿರುವ 'ಎಲ್ ಫಾರ್ದೊ' ಎಂಬ ಕಥೆ, ಹಡಗಿನಿಂದ ಸರಕಿಳಿಸುವಾಗ ಮೂಟೆ ಮೈಮೇಲೆ ಬಿದ್ದು ಸತ್ತ ಕೂಲಿ ಹುಡುಗನದು. ಹಿಂದಿನ ಪ್ರಯಾಣಿಕರೆಲ್ಲರ ಪೆಟ್ಟಿಗೆಗಳನ್ನು ಹೊತ್ತಿಳಿಸಿದ ಜನ ಆ ಊರಿನ ಚಿತ್ರದೊಳಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

1906ರ ಆಗಸ್ಟ್ 16ರ ಸಂಜೆಯ ಭೂಕಂಪ ಮತ್ತು ಅದರ ಬೆನ್ನಿಗೆ ಎದ್ದ ಬೆಂಕಿಯಲ್ಲಿ ಸುಮಾರು 3,000 ಜನ ಸತ್ತರು. ಅತಿ ಹೆಚ್ಚು ನಾಶವಾದದ್ದು ಮತ್ತೆ ಅಲ್ಮೆಂದ್ರಾಲ್. ಸಡಿಲ ಮಣ್ಣಿನ ನೆಲ ಅದು. ಊರು ಎದ್ದು ನಿಂತು, ಚಳಿಗಾಲದ ಉತ್ತರದ ಬಿರುಗಾಳಿಯಿಂದ ಹಡಗುಗಳನ್ನು ಕಾಯಲು 1912ರಲ್ಲಿ ಕಡಲಿಗೆ ತಡೆಗೋಡೆ ಕಟ್ಟುವ ಕೆಲಸ ಹಿಡಿಯಿತು. ಎರಡೇ ವರ್ಷಕ್ಕೆ, 1914ರ ಆಗಸ್ಟ್‌ನಲ್ಲಿ, ಪನಾಮಾ ಕಾಲುವೆ ತೆರೆಯಿತು. ಶತಮಾನಗಟ್ಟಲೆ ಕಾದಿದ್ದ ತಡೆಗೋಡೆ ಮುಗಿಯುವ ಹೊತ್ತಿಗೆ ಅದರ ಆಸರೆ ಬೇಕಿದ್ದ ಹಡಗುಗಳು ಬೇರೆ ದಾರಿ ಹಿಡಿದಿದ್ದವು. ವ್ಯಾಪಾರಿ ಮನೆತನಗಳು ಒಂದೊಂದಾಗಿ ಸಾಂಟಿಯಾಗೊಗೋ ಪಕ್ಕದ ವಿನ್ಯಾ ದೆಲ್ ಮಾರ್‌ಗೋ ಸರಿದವು. ಹೊಸದು ಕಟ್ಟಲು ಹಣವಿಲ್ಲದೆ ಹಳೆಯದು ಹಾಗೇ ಉಳಿಯಿತು. 2003ರಲ್ಲಿ ಯುನೆಸ್ಕೊ ಬಂದರಿನ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮೆಚ್ಚಿದ್ದು ಬಡತನ ಕಾಪಾಡಿದ ಈ ಹಳತನ್ನೇ. ಆ ಪಟ್ಟಿಯ ಹೊರಗಿನ ಮೇಲುಗುಡ್ಡಗಳಲ್ಲಿ ನೀರಿನ ಪೈಪು, ಸರಿಯಾದ ರಸ್ತೆ ಸಾಲದ ಬಡಾವಣೆಗಳು ಬೆಳೆಯುತ್ತಲೇ ಹೋದವು. 2014ರ ಏಪ್ರಿಲ್‌ನ ಕಾಡ್ಗಿಚ್ಚಿನಲ್ಲಿ ಅಲ್ಲಿಯ ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು.

ಈಗ ಈ ಊರಿಗೆ ಒಂಟಿಯಾಗಿ ಬರುವ ಪ್ರಯಾಣಿಕ ಸಾಂಟಿಯಾಗೊದಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆ ಕೂತು, ಹಿಂದಿನವರಿಗೆ ಕೊನೆಯಲ್ಲಿ ಕಾಣುತ್ತಿದ್ದ ಗುಡ್ಡಗಳ ಬೆನ್ನಿನಿಂದ ಒಳಗೆ ಇಳಿಯುತ್ತಾನೆ. ಬಸ್ ನಿಲ್ದಾಣ ಇರುವುದು ಅಲ್ಮೆಂದ್ರಾಲ್‌ನಲ್ಲಿ, 1990ರಿಂದ ಇಲ್ಲಿ ಸೇರುತ್ತಿರುವ ಚಿಲಿಯ ಸಂಸತ್ತಿನ ಕಟ್ಟಡದ ಹತ್ತಿರ. ಮರಿಯಾ ಗ್ರಹಾಂ ಮನೆ ಹಿಡಿದಿದ್ದ ಆ ಪೇಟೆಯಲ್ಲಿ ಈಗ ಬಾದಾಮಿ ತೋಪಿಲ್ಲ.